ಅರೇಂಜರ್ ಕೀಬೋರ್ಡೋ, ಡಿಜಿಟಲ್ ಪಿಯಾನೋವೋ? ಹತ್ತು ವರ್ಷ ಮುಂದಿನ ಲೆಕ್ಕ

ಆರ್ಕೆಸ್ಟ್ರಾ, ಮದುವೆ ಮನೆಗಳಲ್ಲಿ ನುಡಿಸುವವರು ಅರೇಂಜರ್ ಕೊಳ್ಳಿ, ಅಂದರೆ ನಿಮ್ಮ ನುಡಿಸಾಣಿಕೆಗೆ ತಾಳ, ಪಕ್ಕವಾದ್ಯಗಳನ್ನು ತಾನೇ ಕೂಡಿಸುವ ಕೀಬೋರ್ಡ್. ತಾಳದ ಸ್ಟೈಲ್ (ಸಿದ್ಧ ಪಕ್ಕವಾದ್ಯದ ಮಾದರಿ), ಗಮಕದ ಜಾರುವಿಕೆಗೆ ಪಿಚ್ ಬೆಂಡ್ (ಸ್ವರವನ್ನು ಏರಿಸಿ ಇಳಿಸುವ ಚಕ್ರ ಅಥವಾ ಕಡ್ಡಿ), ಎರಡೂ ಕೈಯಳತೆಯಲ್ಲೇ ಇರುತ್ತವೆ. ಬಹುತೇಕ ಡಿಜಿಟಲ್ ಪಿಯಾನೋಗಳಲ್ಲಿ ಪಿಚ್ ಬೆಂಡ್ ಇಲ್ಲ.

ಆದರೆ ಬೇಗ ಹಳತಾಗುವುದೂ ಅರೇಂಜರೇ. ಸ್ಟೈಲ್ ಎಂದರೆ ಸಾಫ್ಟ್‌ವೇರ್. ಆ ಕೆಲಸ ಮೆಲ್ಲಗೆ ಟ್ಯಾಬ್ಲೆಟ್‌ಗೆ ಜಾರುತ್ತದೆಂದು ನನ್ನ ಊಹೆ. ವೇದಿಕೆಯಲ್ಲಿ ಮಾತ್ರ ಒಂದೇ ಗುಂಡಿಗೆ ಫಿಲ್ (ಸಾಲುಗಳ ನಡುವೆ ತುಂಬುವ ತಾಳದ ತುಣುಕು) ಕೊಡುವ ಪೆಟ್ಟಿಗೆ ಇನ್ನೂ ಬೇಕು.

ಪಿಯಾನೋದ ಬೆಲೆ ಇರುವುದು ಕೀಗಳಲ್ಲಿ. ರೋಲ್ಯಾಂಡ್ ಎಫ್‌ಪಿ-30ಎಕ್ಸ್‌ನಂಥದ್ದರಲ್ಲಿ ನಿಜ ಪಿಯಾನೋದಂತೆ ಒತ್ತಲು ಭಾರವೆನಿಸುವ 88 ಕೀ. ಮೈಭಾರ ಸುಮಾರು 15 ಕಿಲೋ, ಹೊತ್ತು ತಿರುಗುವುದು ಕಷ್ಟ. ಅದರೊಳಗಿನ ಧ್ವನಿ ಹಳತಾದರೂ ಯುಎಸ್‌ಬಿ ಮಿಡಿಯಿಂದ (ಯಾವ ಕೀ ಒತ್ತಿದಿರೆಂದು ಫೋನಿಗೋ ಟ್ಯಾಬ್ಲೆಟ್‌ಗೋ ತಿಳಿಸುವ ಸಂಪರ್ಕ) ಹೊಸ ಆ್ಯಪ್ ನುಡಿಸಬಹುದು. ಆ್ಯಪಿನ ಧ್ವನಿಯನ್ನು ಬ್ಲೂಟೂತ್ ಸ್ಪೀಕರಿಗೆ ಕಳಿಸಬೇಡಿ. ತಡವಾಗಿ ಕೇಳಿ ತಾಳ ತಪ್ಪುತ್ತದೆ, ತಂತಿಯೇ ಸರಿ. ಕಲಿಯುವ ಮಕ್ಕಳಿಗೆ ಕಣ್ಣುಮುಚ್ಚಿ ಡಿಜಿಟಲ್ ಪಿಯಾನೋವನ್ನೇ ಕೊಡಿಸಿ.