ಮುಂಗೈಯೊಳಗಿನ ಟೈಟಾನಿಯಂ ಪ್ಲೇಟು: ಐದಕ್ಕೆ ನಾಲ್ಕು ಸ್ಟಾರ್, ಆದರೆ ಮೂಳೆ ಕೂಡಿಸಿದ್ದು ಅದಲ್ಲ

ಮೊದಲೇ ಹೇಳಿಬಿಡುತ್ತೇನೆ. ಪ್ಲೇಟಿಗೆ ಐದಕ್ಕೆ ನಾಲ್ಕು. ಆಪರೇಷನ್ ಮಾಡಿದ ಸರ್ಜನ್ನರ ಕೈಗೆ ಐದಕ್ಕೆ ಐದು. ಆಪರೇಷನ್ ಆದಮೇಲೆ ಸಿಕ್ಕ ಮಾಹಿತಿಗೆ ಎರಡು, ಅದೂ ಒಬ್ಬ ನರ್ಸ್ ತಾಳ್ಮೆಯಿಂದ ಉತ್ತರ ಕೊಟ್ಟರು ಅನ್ನುವ ಕಾರಣಕ್ಕೆ. ಆದರೆ ಮೂಳೆಯನ್ನು ಕೂಡಿಸಿದ್ದು ಈ ಮೂರರಲ್ಲಿ ಯಾವುದೂ ಅಲ್ಲ. ಪ್ಲೇಟು ಮೂಳೆಯನ್ನು ಅಂಟಿಸುವುದಿಲ್ಲ, ಅಲ್ಲಾಡದ ಹಾಗೆ ಹಿಡಿದುಕೊಳ್ಳುತ್ತದೆ, ಅಷ್ಟೆ. ಮಿಕ್ಕ ಕೆಲಸವೆಲ್ಲ ನಮ್ಮದೇ ರಕ್ತ ಮತ್ತು ಮೂಳೆಯ ಕೋಶಗಳದ್ದು, ಅದನ್ನು ಶುರುಮಾಡುವುದು ಬಿಳಿ ರಕ್ತಕಣಗಳು. ಹಾಗಾಗಿ ಪ್ಲೇಟು ಚೆನ್ನಾಗಿದೆಯಾ ಅಂತ ಯಾರಾದರೂ ಕೇಳಿದರೆ ನಾನು ನೋಡುವುದು ಒಂದನ್ನೇ: ಆ ಕಣಗಳ ಕೆಲಸಕ್ಕೆ ಇದು ಎಷ್ಟು ಅಡ್ಡ ಬರುತ್ತದೆ?

ಮುರಿದದ್ದು ನನ್ನ ಮುಂಗೈಯ ಎರಡು ಮೂಳೆಗಳಲ್ಲಿ ಹೆಬ್ಬೆರಳಿನ ಕಡೆಯದು, ನಡುಮಧ್ಯದಲ್ಲಿ. ದೊಡ್ಡವರಲ್ಲಿ ಈ ಜಾಗ ಮುರಿದರೆ ಸಾಮಾನ್ಯವಾಗಿ ಬರೀ ಪ್ಲಾಸ್ಟರ್ ಸಾಕಾಗುವುದಿಲ್ಲ. ಅಂಗೈಯನ್ನು ಮೇಲೆ ಕೆಳಗೆ ತಿರುಗಿಸುವುದು ಈ ಎರಡು ಮೂಳೆಗಳು ಒಂದರ ಸುತ್ತ ಒಂದು ಸುತ್ತುವುದರಿಂದ, ಸ್ವಲ್ಪ ಸೊಟ್ಟಗೆ ಕೂಡಿದರೂ ಆ ತಿರುಗುವಿಕೆ ಹೋಗಿಬಿಡುತ್ತದೆ. ಅದಕ್ಕೇ ಕೊಯ್ದು, ತುಂಡುಗಳನ್ನು ಸರಿಯಾಗಿ ಕೂರಿಸಿ, ಒತ್ತಿ ಹಿಡಿಯುವ ಪ್ಲೇಟು ಹಾಕುತ್ತಾರೆ.

ಈಗ ಊತದ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಬೈಯುವುದು ಅದನ್ನೇ, ಆದರೆ ಅಸಲಿ ಕೆಲಸ ಶುರುವಾಗುವುದೂ ಅಲ್ಲೇ.

ಮೂಳೆ ಮುರಿದ ಕೂಡಲೇ ಅದರ ಮಜ್ಜೆಯ ಮತ್ತು ಮೇಲಿನ ಪೊರೆಯ ರಕ್ತನಾಳಗಳು ಹರಿದು, ಸಂದಿನಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ನೋಡಿದರೆ ಬರೀ ಕಪ್ಪುರಕ್ತದ ಮುದ್ದೆ. ಆದರೆ ಅದರೊಳಗಿನ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಸುಮ್ನೆ ಕೂತಿರುವುದಿಲ್ಲ, ಬೆಳವಣಿಗೆಗೆ ಬೇಕಾದ ಪ್ರೋಟೀನುಗಳನ್ನು ಸುರಿಯುತ್ತವೆ, ಬಿಳಿ ರಕ್ತಕಣಗಳನ್ನು ಕರೆಯುತ್ತವೆ. ಮೊದಲು ಬರುವುದು ನ್ಯೂಟ್ರೋಫಿಲ್‌ಗಳು, ಕೆಲವೇ ಗಂಟೆಗಳಲ್ಲಿ. ಅವು ಸತ್ತ ಚೂರುಗಳ ಮೇಲೆ, ರೋಗಾಣು ಇದ್ದರೆ ಅದರ ಮೇಲೆ ಮುಗಿಬೀಳುತ್ತವೆ. ಅವುಗಳ ಆಯುಸ್ಸು ಚಿಕ್ಕದು. ಹಿಂದೆಯೇ ಕಸ ನುಂಗುವ ದೊಡ್ಡ ಬಿಳಿ ರಕ್ತಕಣಗಳಾದ ಮ್ಯಾಕ್ರೋಫೇಜ್‌ಗಳು ಬರುತ್ತವೆ. ಟಿಎನ್‌ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಎಂಬ ಸಂದೇಶದ ಪ್ರೋಟೀನುಗಳು ಮೊದಲ ಒಂದೆರಡು ದಿನ ಜೋರಾಗಿ ಏರುತ್ತವೆ. ಕೈ ಬಿಸಿಯಾಗುವುದು, ಊದುವುದು, ಮುಟ್ಟಿದರೆ ಜೀವ ಹೋಗುವಂತಾಗುವುದು ಎಲ್ಲ ಇದರ ಫಲ.

ಈ ಹೆಪ್ಪನ್ನು ಕಸ ಅಂದುಕೊಂಡವರಿಗೆ ಒಂದು ಮಾತು. ಇಲಿಗಳ ಮೇಲಿನ ಪ್ರಯೋಗದಲ್ಲಿ ಮುರಿತದ ಜಾಗದ ಕೆಲವು ದಿನ ಹಳೆಯ ಹೆಪ್ಪನ್ನು ತೆಗೆದು ಬೇರೆ ಮಾಂಸಖಂಡದೊಳಗೆ ಇಟ್ಟು ನೋಡಿದ್ದಾರೆ. ಮೂಳೆಯೇ ಇಲ್ಲದ ಆ ಜಾಗದಲ್ಲೂ ಹೊಸ ಮೂಳೆ ಹುಟ್ಟಿದೆ! ಹಾಗಾಗಿ ಮುರಿತದ ಜಾಗವನ್ನು ಅಗಲವಾಗಿ ಬಿಚ್ಚಿ, ಪೊರೆ ಕೆರೆದು, ಚೆನ್ನಾಗಿ ತೊಳೆದು ಪ್ಲೇಟು ಕೂರಿಸುವ ಹಳೇ ಪದ್ಧತಿಯಿಂದ ಸರ್ಜನ್ನರು ದೂರ ಸರಿದಿರುವುದರಲ್ಲಿ ಆಶ್ಚರ್ಯವಿಲ್ಲ. ತೊಡೆ ಮತ್ತು ಮೊಣಕಾಲ ಕೆಳಗಿನ ಮೂಳೆಗಳಲ್ಲಿ ಚಿಕ್ಕ ಕೊಯ್ತದಿಂದ ಚರ್ಮದಡಿಗೆ ಪ್ಲೇಟು ತೂರಿಸುವ ವಿಧಾನ ಬಂದಿದೆ. ಮುಂಗೈಯಲ್ಲಿ ಅದು ಅಷ್ಟು ಸುಲಭವಲ್ಲ, ತುಂಡುಗಳು ಕರಾರುವಾಕ್ಕಾಗಿ ಕೂರಬೇಕಾದ್ದರಿಂದ ಬಿಚ್ಚಲೇಬೇಕು. ನನ್ನ ಒಂದು ಸ್ಟಾರ್ ಕಡಿಮೆಯಾದದ್ದು ಇಲ್ಲೇ. ಪ್ಲೇಟಿನದಲ್ಲ, ಆ ಜಾಗದ ತೊಂದರೆ ಅದು, ಗೊತ್ತು. ಆದರೂ ವಿಮರ್ಶೆ ನನ್ನದು.

ಮಾಹಿತಿಗೆ ಎರಡೇ ಸ್ಟಾರ್ ಯಾಕೆ? ಮನೆಗೆ ಕಳಿಸುವಾಗ ಕೊಟ್ಟ ಹಾಳೆಯಲ್ಲಿ ಇದ್ದದ್ದು ಇಷ್ಟು: ಊತ, ಬಿಸಿ, ಕೆಂಪು ಕಂಡರೆ ಕೂಡಲೇ ಬನ್ನಿ. ಅಲ್ಲ ಸ್ವಾಮಿ, ಅದೇ ತಾನೇ ಕೊಯ್ದು ಹೊಲಿದ ಕೈಯಲ್ಲಿ ಊತ, ಬಿಸಿ ಇಲ್ಲದೇ ಇನ್ನೇನು ಇರುತ್ತದೆ? ಹೇಳಬೇಕಾದ್ದು ಬೇರೆ. ದಿನದಿಂದ ದಿನಕ್ಕೆ ಇಳಿಯುವ ಊತ ಕೆಲಸ ನಡೆಯುತ್ತಿರುವುದರ ಗುರುತು. ಇಳಿದು ಮತ್ತೆ ಏರಿದರೆ, ಹೊಲಿಗೆಯಿಂದ ನೀರು ಕೀವು ಜಿನುಗಿದರೆ, ಆರಾಮಾಗಿದ್ದವರಿಗೆ ಮತ್ತೆ ಜ್ವರ ಬಂದರೆ ಅದು ಅನುಮಾನದ ಗುರುತು. ಮೊದಲ ದಿನಗಳಲ್ಲೇ ನೋವು ಮಾತ್ರೆಗೂ ಬಗ್ಗದೆ ಏರುತ್ತಾ ಹೋದರೆ, ಬೆರಳನ್ನು ಬೇರೆಯವರು ಮೆಲ್ಲಗೆ ಚಾಚಿದರೂ ತಡೆಯಲಾಗದಿದ್ದರೆ, ಜೋಮು ಹಿಡಿದರೆ ಆಗ ಬೆಳಗಾಗಲಿ ಅಂತ ಕಾಯಬಾರದು. ಮಾಂಸಖಂಡದೊಳಗೆ ಒತ್ತಡ ಹೆಚ್ಚಾಗಿ ರಕ್ತ ಓಡದ ಸ್ಥಿತಿ ಅದಾಗಿರಬಹುದು, ಮುಂಗೈಯಲ್ಲಿ ಅದರ ಅಪಾಯ ಜಾಸ್ತಿ. ಇಷ್ಟನ್ನು ಬರೆಯಲು ಅರ್ಧ ಪುಟ ಸಾಕಿತ್ತು.

ರಕ್ತಪರೀಕ್ಷೆಯದೂ ಇದೇ ಕಥೆ. ಸಿ.ಆರ್.ಪಿ. ಎಂಬ ಪ್ರೋಟೀನು ಇದೆ, ಇಂಟರ್‌ಲ್ಯೂಕಿನ್-6ರ ಕರೆಗೆ ಲಿವರ್ ತಯಾರಿಸುವುದು. ರಿಪೋರ್ಟಿನಲ್ಲಿ ಅದರ ಅಂಕಿ ದಪ್ಪಕ್ಷರದಲ್ಲಿ, ಪಕ್ಕದಲ್ಲಿ ಮೇಲ್ಮುಖದ ಬಾಣ. ನೋಡಿದವರ ಎದೆ ಧಸಕ್ಕೆನ್ನಬೇಕು, ಹಾಗಿರುತ್ತದೆ. ಆದರೆ ಆಪರೇಷನ್ ಆದ ಎಲ್ಲರಲ್ಲೂ ಅದು ಏರಲೇಬೇಕು. ಸಾಮಾನ್ಯವಾಗಿ 2ನೇ ಅಥವಾ 3ನೇ ದಿನ ತುದಿ ಮುಟ್ಟಿ, ಆಮೇಲೆ ಇಳಿಯುತ್ತಾ ಎರಡು ಮೂರು ವಾರಗಳಲ್ಲಿ ಮಾಮೂಲಿಗೆ ಬರುತ್ತದೆ. ಒಂದು ದಿನದ ಅಂಕಿ ಹಿಡಿದುಕೊಂಡು ಏನೂ ಹೇಳಲಾಗುವುದಿಲ್ಲ, ಇಳಿಯುತ್ತಿದೆಯಾ ಇಲ್ಲವಾ ಅನ್ನುವುದೇ ಮುಖ್ಯ. ಇದನ್ನು ನನಗೆ ಬಿಡಿಸಿ ಹೇಳಿದವರು ಆ ನರ್ಸ್.

ಊತವೇ ಕೆಲಸಗಾರ ಅಂದಮೇಲೆ ನೋವಿನ ಮಾತ್ರೆ ನುಂಗಬಹುದಾ? ಇಬುಪ್ರೊಫೇನ್, ಡೈಕ್ಲೋಫೆನಾಕ್ ಜಾತಿಯ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ಎಂಬ, ಊತ ನೋವು ತರುವ ರಾಸಾಯನಿಕ ತಯಾರಾಗುವುದನ್ನು ತಡೆಯುತ್ತವೆ, ಮೂಳೆ ಕೂಡಲು ಅದೂ ಬೇಕು. ಪ್ರಾಣಿಗಳಲ್ಲಿ ಇವು ಮೂಳೆ ಕೂಡುವುದನ್ನು ನಿಧಾನ ಮಾಡಿದ್ದು ಕಂಡಿದೆ. ಮನುಷ್ಯರಲ್ಲಿ ಕೆಲವೇ ದಿನ ತೆಗೆದುಕೊಂಡರೆ ತೊಂದರೆ ಇದೆಯಾ ಅನ್ನುವುದರಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ. ನಿಮ್ಮ ಸರ್ಜನ್ನರನ್ನು ಕೇಳಿ, ಮನೆಯ ಡಬ್ಬಿಯಲ್ಲಿ ಉಳಿದದ್ದನ್ನು ನೀವೇ ತಿಂಗಳುಗಟ್ಟಲೆ ನುಂಗಬೇಡಿ. ನೋವನ್ನು ಹಲ್ಲು ಕಚ್ಚಿ ಸಹಿಸಬೇಕು ಅನ್ನುವವರ ಮಾತನ್ನೂ ಕೇಳಬೇಡಿ, ನೋವಿದ್ದರೆ ಬೆರಳು ಆಡಿಸಲಾಗುವುದಿಲ್ಲ, ಬೆರಳು ಆಡಿಸದಿದ್ದರೆ ಕೈ ಸೆಟೆಯುತ್ತದೆ.

ಈ ಊತ, ಬಿಸಿ, ಅಂದರೆ ಉರಿಯೂತ ಬೇಕು ನಿಜ, ಆದರೆ ಸಮಯಕ್ಕೆ ಸರಿಯಾಗಿ ನಿಲ್ಲಲೂ ಬೇಕು. ಮ್ಯಾಕ್ರೋಫೇಜ್‌ಗಳ ವಿಶೇಷ ಇದು. ಮೊದಲು ಸಿಟ್ಟಿನಲ್ಲಿದ್ದವು ಕೆಲವು ದಿನಗಳಲ್ಲಿ ಸ್ವಭಾವ ಬದಲಿಸಿ, ಹೊಸ ರಕ್ತನಾಳ, ಹೊಸ ಅಂಗಾಂಶ ಬೆಳೆಯಲು ನೆರವಾಗುತ್ತವೆ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಈ ಬದಲಾವಣೆ ತಡವಾಗಬಹುದು. ಸಿಗರೇಟು ಸೇದುವವರಲ್ಲೂ ಮೂಳೆ ನಿಧಾನವಾಗಿ ಕೂಡುತ್ತದೆ.

ಪ್ಲೇಟಿನ ನಿಜವಾದ ಪರೀಕ್ಷೆ ಇರುವುದು ಸೋಂಕಿನ ವಿಷಯದಲ್ಲಿ. 1987ರಲ್ಲಿ ಆಂಟನಿ ಗ್ರಿಸ್ಟಿನಾ ಎಂಬ ಸರ್ಜನ್ ಇದನ್ನು ಮೇಲ್ಮೈಗಾಗಿ ನಡೆಯುವ ಓಟ ಅಂತ ಕರೆದಿದ್ದರು. ಲೋಹ ದೇಹದೊಳಗೆ ಹೋದ ತಕ್ಷಣ ರಕ್ತದ ಪ್ರೋಟೀನುಗಳು ಅದಕ್ಕೆ ಮೆತ್ತಿಕೊಳ್ಳುತ್ತವೆ. ಅದರ ಮೇಲೆ ಮೊದಲು ಜಾಗ ಹಿಡಿಯುವುದು ನಮ್ಮ ಜೀವಕೋಶವಾ, ಬ್ಯಾಕ್ಟೀರಿಯಾವಾ? ಸ್ಟೆಫೈಲೋಕಾಕಸ್ ಔರಿಯಸ್ ಎಂಬ ಬ್ಯಾಕ್ಟೀರಿಯಾ ಮೊದಲು ಬಂದು ಕೂತರೆ ಲೋಳೆಯಂಥ ಪದರ ಹೊದ್ದುಕೊಳ್ಳುತ್ತದೆ, ಆಮೇಲೆ ಬಿಳಿ ರಕ್ತಕಣಕ್ಕೂ ಸುಲಭಕ್ಕೆ ಸಿಗುವುದಿಲ್ಲ, ಆಂಟಿಬಯಾಟಿಕ್‌ಗೂ ಬಗ್ಗುವುದಿಲ್ಲ. ಎಷ್ಟೋ ಸಲ ಲೋಹವನ್ನೇ ತೆಗೆಯಬೇಕಾಗುತ್ತದೆ. ಕೊಯ್ಯುವ ಮೊದಲಿನ 60 ನಿಮಿಷದೊಳಗೆ ಸೆಫಾಜೋಲಿನ್‌ನಂಥ ಆಂಟಿಬಯಾಟಿಕ್ ಇಂಜೆಕ್ಷನ್ ಕೊಡುವುದು ಈ ಓಟದಲ್ಲಿ ನಮ್ಮನ್ನು ಮುಂದಿಡುವುದಕ್ಕೆ. ಚರ್ಮ ಸೀಳಿ ಮೂಳೆ ಹೊರಗೆ ಬಂದಿದ್ದರೆ ಬ್ಯಾಕ್ಟೀರಿಯಾ ಆಗಲೇ ಒಳಗಿರುತ್ತದೆ, ಅಂಥವರ ಅನುಭವ ನನ್ನದಕ್ಕಿಂತ ತೀರಾ ಬೇರೆಯಾಗಿರಬಹುದು.

ಟೈಟಾನಿಯಂ ನನಗೆ ಇಷ್ಟವಾಗುವುದು ಇಲ್ಲೇ. ಅದರ ಮೇಲೆ ತಾನಾಗಿಯೇ ಆಕ್ಸೈಡಿನ ತೆಳು ಪದರ ಕೂರುತ್ತದೆ, ದೇಹ ಅದರ ಜೊತೆ ಅಷ್ಟಾಗಿ ಜಗಳ ಮಾಡುವುದಿಲ್ಲ. ಅಂಗಾಂಶ ಅದಕ್ಕೆ ಹತ್ತಿಕೊಂಡೇ ಬೆಳೆಯುತ್ತದೆ. ನಯವಾದ ಸ್ಟೀಲ್ ಪ್ಲೇಟಿನ ಸುತ್ತ ತೆಳುವಾದ ನಾರಿನ ಚೀಲ ಕಟ್ಟಿ ಅದರೊಳಗೆ ನೀರು ನಿಲ್ಲುವುದುಂಟು. ಆ ಸಂದಿಗೆ ಬ್ಯಾಕ್ಟೀರಿಯಾ ಹೊಕ್ಕರೆ ರಕ್ಷಣೆಯ ಕಣಗಳಿಗೆ ಅಲ್ಲಿಗೆ ತಲುಪುವುದು ಕಷ್ಟ. ಇಂಪ್ಲಾಂಟಿಗೆ ಬಳಸುವ 316ಎಲ್ ಸ್ಟೀಲಿನಲ್ಲಿ ನಿಕೆಲ್ ಕೂಡ ಇರುತ್ತದೆ. ಅಗ್ಗದ ಓಲೆ ಹಾಕಿದರೆ ಕಿವಿ ತುರಿಸುವವರು, ವಾಚಿನ ಪಟ್ಟಿಗೆ ಚರ್ಮ ಕೆಂಪಾಗುವವರು ಆಪರೇಷನ್‌ಗೆ ಮೊದಲೇ ಸರ್ಜನ್ನರ ಕಿವಿಗೆ ಹಾಕಿ. ಹಾಗಂತ ಸ್ಟೀಲ್ ಕೆಟ್ಟದ್ದು ಅನ್ನಬೇಡಿ, ಎಷ್ಟೋ ಜನರ ಮೂಳೆ ಅದರಿಂದಲೇ ನೆಟ್ಟಗೆ ಕೂಡಿದೆ.

ಇನ್ನು ಎಕ್ಸ್-ರೇ. ಪ್ಲಾಸ್ಟರ್ ಹಾಕಿದವರ ಚಿತ್ರದಲ್ಲಿ ಮುರಿತದ ಸುತ್ತ ಬಿಳಿ ಗಂಟು ಕಾಣುತ್ತದೆ. ಅಲ್ಲಿ ಮೊದಲು ಮೆದುವಾದ ಮೃದ್ವಸ್ಥಿ, ಆಮೇಲೆ ಗಟ್ಟಿ ಮೂಳೆ ಬೆಳೆಯುತ್ತದೆ. ನನ್ನ ಚಿತ್ರದಲ್ಲಿ ಗಂಟೂ ಇಲ್ಲ, ಗಿಂಟೂ ಇಲ್ಲ. ಸಾಲಾಗಿ ಸ್ಕ್ರೂಗಳು, ನಡುವೆ ಕೂದಲೆಳೆಯಂಥ ಗೆರೆ. ಸರ್ಜನ್ ಅದನ್ನು ನೋಡಿ ಖುಷಿಪಟ್ಟರು! ಕಾರಣ ಸ್ಟೀಫನ್ ಪೆರೆನ್ ಎಂಬ ವಿಜ್ಞಾನಿಯ ಲೆಕ್ಕದಲ್ಲಿದೆ. ಸಂದಿನಲ್ಲಿ ಆಗುವ ಎಳೆತ ಸಂದಿನ ಅಗಲದ 2%ಕ್ಕಿಂತ ಕಡಿಮೆ ಇದ್ದರೆ ಮೂಳೆ ನೇರವಾಗಿ ಕೂಡುತ್ತದೆ, ಸುಮಾರು 10%ವರೆಗೆ ಇದ್ದರೆ ಮೃದ್ವಸ್ಥಿಯ ದಾರಿ ಹಿಡಿಯುತ್ತದೆ. ಒತ್ತಿ ಹಿಡಿದ ಪ್ಲೇಟಿನಡಿ ಅಲುಗಾಟವೇ ಇಲ್ಲದಷ್ಟು ಕಡಿಮೆ. ಆಗ ಆಸ್ಟಿಯೋಕ್ಲಾಸ್ಟ್ ಎಂಬ ಮೂಳೆ ತಿನ್ನುವ ಕೋಶಗಳು ಒಂದು ತುಂಡಿನಿಂದ ಇನ್ನೊಂದರೊಳಕ್ಕೆ ಸಣ್ಣ ಸುರಂಗ ಕೊರೆಯುತ್ತಾ ಹೋಗುತ್ತವೆ. ಹಿಂದಿನಿಂದ ಮೂಳೆ ಕಟ್ಟುವ ಕೋಶಗಳು ಸುರಂಗದ ಗೋಡೆಗೆ ಹೊಸ ಮೂಳೆ ಬಳಿಯುತ್ತಾ ಬರುತ್ತವೆ, ನಡುವೆ ರಕ್ತನಾಳ ಹಾದುಹೋಗುತ್ತದೆ. ಗೆರೆ ಮಾಯವಾಗುವುದು ಹೀಗೆ, ತಿಂಗಳುಗಟ್ಟಲೆ ಹಿಡಿಯುತ್ತದೆ.

ಈ ಕೊರೆಯುವ ಕೋಶಗಳು ಹುಟ್ಟುವುದು ಮ್ಯಾಕ್ರೋಫೇಜ್‌ಗಳು ಹುಟ್ಟುವ ವಂಶದಲ್ಲೇ, ಅವು ದಾಯಾದಿಗಳು. ಅವನ್ನು ಎಬ್ಬಿಸುವ ರ‍್ಯಾಂಕ್-ಲಿಗಂಡ್ ಎಂಬ ಪ್ರೋಟೀನನ್ನು ಮೂಳೆಯ ಕೋಶಗಳೂ ಮಾಡುತ್ತವೆ, ರೋಗನಿರೋಧಕ ಟಿ-ಕೋಶಗಳೂ ಮಾಡುತ್ತವೆ. ಮೂಳೆ ಒಂದು ಇಲಾಖೆ, ರೋಗನಿರೋಧಕ ಶಕ್ತಿ ಇನ್ನೊಂದು ಇಲಾಖೆ ಅಂತ ಪಾಠದಲ್ಲಿ ಓದಿದ್ದೆವು ಅಲ್ವಾ? ದೇಹಕ್ಕೆ ಆ ವಿಂಗಡಣೆ ಗೊತ್ತಿಲ್ಲ.

ಬಳಕೆಯಲ್ಲಿ ಕಂಡ ಸಣ್ಣಪುಟ್ಟ ಕಿರಿಕಿರಿ: ಚಳಿಯಲ್ಲಿ ಆ ಜಾಗ ಸೆಳೆಯುತ್ತದೆ. ಮೇಜಿನ ಅಂಚಿಗೆ ಮುಂಗೈ ಒರಗಿಸಿ ಟೈಪ್ ಮಾಡಿದರೆ ಒಳಗೊಂದು ಗಟ್ಟಿ ಏಣು ಇರುವುದು ಗೊತ್ತಾಗುತ್ತದೆ. ಗಾಯದ ಪಕ್ಕ ಒಂದಿಷ್ಟು ಚರ್ಮಕ್ಕೆ ಸ್ಪರ್ಶ ಮಂದ.

ತೆಗೆಸಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ತೊಂದರೆ ಕೊಡದಿದ್ದರೆ ದೊಡ್ಡವರಲ್ಲಿ ಹಾಗೇ ಬಿಡುವುದುಂಟು. ಮುಂಗೈ ಪ್ಲೇಟನ್ನು ಬೇಗ ತೆಗೆದರೆ ಸ್ಕ್ರೂ ಇದ್ದ ತೂತುಗಳ ಬಳಿ ಮತ್ತೆ ಮುರಿಯುವ ಅಪಾಯ ಇದೆ. ಇನ್ನೊಂದು ತಲೆನೋವು ಟೈಟಾನಿಯಂನದೇ: ಪ್ಲೇಟಿಗೇ ಬಿಗಿಯುವ ಲಾಕಿಂಗ್ ಸ್ಕ್ರೂಗಳು ಕಚ್ಚಿಕೊಂಡು, ತಲೆ ಸವೆದು, ತಿರುಗಿಸಲು ಬರದೆ ಸರ್ಜನ್ನರಿಗೆ ಬೆವರಿಳಿಸುವುದುಂಟು. ಮೂಳೆಗೆ ಚೆನ್ನಾಗಿ ಹೊಂದಿಕೊಳ್ಳುವ ಲೋಹವೇ ಬಿಡಿಸಿಕೊಳ್ಳಲು ಕಷ್ಟ ಕೊಡುತ್ತದೆ. ನನಗೆ ತೊಂದರೆ ಇಲ್ಲ, ತೆಗೆಸುವುದೂ ಇಲ್ಲ. ತೆಗೆಸುವ ಯೋಚನೆ ಇರುವವರು ಯಾವ ಲೋಹ, ಯಾವ ಕಂಪನಿ, ಯಾವ ಅಳತೆಯ ಸ್ಕ್ರೂ ಅಂತ ಇರುವ ಇಂಪ್ಲಾಂಟ್ ಸ್ಟಿಕ್ಕರಿನ ಪ್ರತಿಯನ್ನು ಈಗಲೇ ಕೇಳಿ ಇಟ್ಟುಕೊಳ್ಳಿ, ಅದಕ್ಕೆ ಸರಿಹೊಂದುವ ಸ್ಕ್ರೂಡ್ರೈವರ್ ಇಲ್ಲದೆ ಆಪರೇಷನ್ ಶುರು ಮಾಡುವುದೇ ಕಷ್ಟ.