ಮೂಲೆ ಚೆಂದ, ನಡು ಪೊಳ್ಳು: ಬಾಗಲಕೋಟೆಯಲ್ಲಿ ಹೊಲಿಸಿದ ಒಂದು ಕೌದಿ

ಬಾಗಲಕೋಟೆಯಲ್ಲಿ ಕೌದಿ (ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಹಾಸು-ಹೊದಿಕೆ) ಹೊಲಿದುಕೊಡುವ ಒಂದು ಅಂಗಡಿಗೆ ಕೊಟ್ಟದ್ದು ಎರಡು ಹಳೆಯ ಇಳಕಲ್ ಸೀರೆ ಮತ್ತು ಒಂದು ಬಿಳಿ ಧೋತರ. ಕೇಳಿದ್ದು 5 ಅಡಿ ಅಗಲ, 7 ಅಡಿ ಉದ್ದದ ಕೈಹೊಲಿಗೆ ಕೌದಿ. ಹೇಳಿದ ದಿನಕ್ಕೆ ಕೊಟ್ಟಿದ್ದಾರೆ, ಅಳತೆಯೂ ಸರಿ ಇದೆ. ಮಡಚಿ ಕೈಗಿತ್ತಾಗ ಯಾರಿಗಾದರೂ ಮೆಚ್ಚುಗೆಯಾಗುತ್ತದೆ. ಆದರೆ ಕೌದಿಯನ್ನು ಮಡಿಕೆಯಲ್ಲಿ ನೋಡಬಾರದು. ನೆಲ ಗುಡಿಸಿ, ಪೂರ್ತಿ ಹಾಸಿ, ಸುತ್ತ ನಡೆದು ನೋಡಬೇಕು. ಹಾಗೆ ನೋಡಿದಾಗ ಈ ಕೆಲಸದಲ್ಲಿ ಬೇಸರವಾಗುವ ಸಂಗತಿಗಳು ಬಹಳ ಇವೆ.

ಮೊದಲು ಒಳ್ಳೆಯದನ್ನು ಹೇಳಬೇಕು, ಅದು ನಿಜಕ್ಕೂ ಒಳ್ಳೆಯದು. ಟೋಪಿ ತೆನೆ ಎಂಬ ಇಳಕಲ್ ವಿನ್ಯಾಸದ ಸೆರಗನ್ನು ಕತ್ತರಿಸಿ ಚೂರು ಮಾಡದೆ ಇಡಿಯಾಗಿ ನಡುವೆ ಕೂಡಿಸಿದ್ದಾರೆ. ಇಳಕಲ್ ಸೀರೆಯ ಒಡಲಿನ ನೂಲಿಗೆ ಸೆರಗಿನ ನೂಲನ್ನು ಕೊಂಡಿ ಹಾಕಿ ಜೋಡಿಸಿರುತ್ತಾರೆ. ಆ ಗೀಟಿನ ಮೇಲೆಯೇ ಕತ್ತರಿ ಇಟ್ಟರೆ ನೂಲು ಬಿಟ್ಟುಕೊಳ್ಳುತ್ತದೆ. ಇಲ್ಲಿ ಎರಡೂ ಕಡೆ ಎರಡು ಬೆರಳು ಬಟ್ಟೆ ಬಿಟ್ಟೇ ಕತ್ತರಿಸಿದ್ದಾರೆ. ಸೀರೆಯ ದಡಿಯನ್ನು ಸುತ್ತ ಪಟ್ಟಿಯಾಗಿ ಹಚ್ಚಿ, ನಾಲ್ಕೂ ಮೂಲೆಯಲ್ಲಿ ಓರೆಯಾಗಿ ಮಡಚಿ ಕೂಡಿಸಿದ ರೀತಿ ಬಲ್ಲವರ ಕೈಯದು. ಮೂಲೆಯ ದಪ್ಪವನ್ನು ಒಳಗೇ ಕತ್ತರಿಸಿ ತೆಗೆದಿರುವುದರಿಂದ ಎಲ್ಲೂ ಗಂಟಿನಂತೆ ಉಬ್ಬಿಲ್ಲ.

ಇನ್ನು ತೂಕದ ಮಾತು. ಕೊಡುವ ಮುಂಚೆ ಮೂರೂ ಬಟ್ಟೆ ಸೇರಿ 1 ಕಿಲೋ 650 ಗ್ರಾಂ ಇದ್ದವು. ಕೌದಿ ತೂಗಿದ್ದು 1 ಕಿಲೋ 430 ಗ್ರಾಂ. ಉಳಿದ ಚೂರು ಒಂದೂ ವಾಪಸ್ ಬಂದಿಲ್ಲ. ಇಷ್ಟು ದೊಡ್ಡ ಕೌದಿಗೆ ಹಿಡಿಯುವ ದಾರ ಸುಮಾರು 40 ಗ್ರಾಂ, ಅಂದರೆ ಬಟ್ಟೆಯಲ್ಲಿ ಕಡಿಮೆಯಾದದ್ದು ಕಾಲು ಕಿಲೋಕ್ಕಿಂತ ಹೆಚ್ಚು. ಚದರ ಅಡಿಯಲ್ಲಿ ಲೆಕ್ಕ ಹಾಕಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 18 ಅಡಿ ಉದ್ದ, 4 ಅಡಿ ಅಗಲದ ಸೀರೆ 72 ಚದರ ಅಡಿ, ಎರಡಕ್ಕೆ 144. ಧೋತರ 13 ಅಡಿ ಉದ್ದ, 4 ಅಡಿ ಅಗಲದ್ದು, ಅದು 52. ಒಟ್ಟು 196. ಕೌದಿಯ ಒಂದು ಪದರಕ್ಕೆ 35 ಚದರ ಅಡಿ ಬೇಕು, ಐದು ಪದರಕ್ಕೆ 175. ಅಂಚಿನ ಪಟ್ಟಿ, ಹರಿದು ಹೋದದ್ದು ಎಲ್ಲ ಸೇರಿ ಉಳಿಯಬೇಕಾದದ್ದು 21 ಚದರ ಅಡಿ ಮಾತ್ರ. ಇಲ್ಲಿ ತೂಕದ ಪ್ರಕಾರ ಸುಮಾರು 30 ಚದರ ಅಡಿ ಕಾಣೆಯಾಗಿದೆ.

ಎಲ್ಲಿಂದ ಹೋಯಿತೆಂದು ನೋಡಲು ಕೌದಿಯನ್ನು ಬಾಗಿಲ ಬಿಸಿಲಿಗೆ ಎತ್ತಿ ಹಿಡಿಯಬೇಕು. ಅಂಚಿನಲ್ಲಿ ಎಣಿಸಿದರೆ ಐದು ಪದರ ಸಿಗುತ್ತವೆ. ನಡುವಿನಲ್ಲಿ, ಸೆರಗಿನ ಕೆಳಗೆ, ಎರಡು ಮೊಳ ಉದ್ದ ಎರಡು ಮೊಳ ಅಗಲದ ಜಾಗ ಮಾತ್ರ ತೆಳ್ಳಗೆ ಹೊಳೆಯುತ್ತದೆ. ಒಳಗಿನ ಪದರದ ತುಂಡುಗಳು ಒಂದಕ್ಕೊಂದು ಮುಟ್ಟದೆ ನಿಂತಿವೆ. ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ತಿಕ್ಕಿದರೆ ತುಂಡಿನ ಕೊನೆ ಕೈಗೆ ಹತ್ತುತ್ತದೆ. ಹೊರಗೆ ಕಾಣದ ಜಾಗದಲ್ಲಿ ಹೀಗೆ ಮಾಡುವುದನ್ನು ನಾವು ಸಣ್ಣ ತಪ್ಪೆಂದು ಬಿಡುವುದಿಲ್ಲ. ನಾಲ್ಕನೆಯ ಒಗೆತಕ್ಕೋ ಐದನೆಯ ಒಗೆತಕ್ಕೋ ಆ ತುಂಡುಗಳು ಸರಿದು ಒಂದು ಕಡೆ ಮುದ್ದೆಯಾಗುತ್ತವೆ, ಇನ್ನೊಂದು ಕಡೆ ಮೇಲಿನ ಹಳೆಯ ಸೀರೆಯೊಂದೇ ಎಲ್ಲ ಎಳೆತವನ್ನು ತಾಳಬೇಕಾಗುತ್ತದೆ.

ಹೊಲಿಗೆಯೂ ಇದೇ ಕತೆ. ಅಂಚಿನಿಂದ ಒಂದು ಮೊಳದವರೆಗೆ ಸಾಲುಗಳ ನಡುವೆ ಒಂದು ಬೆರಳು ಅಂತರ, ಇಂಚಿಗೆ ಮೂರು ಹೊಲಿಗೆ. ಕೈಹೊಲಿಗೆ ಕೌದಿಗೆ ಇದು ಉತ್ತಮ ಕೆಲಸ. ಒಳಗೆ ಹೋದಂತೆ ಅಂತರ ಎರಡು ಬೆರಳಾಗಿ, ನಡುವಿನಲ್ಲಿ ಮೂರು ಬೆರಳಾಗಿದೆ. ಅಂಚಿನಿಂದ ಸುತ್ತುತ್ತ ಒಳಗೆ ಬರುವಾಗ ಕೌದಿಯನ್ನು ಸುರುಳಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಹೊಲಿಯಬೇಕು. ಕೈ ಎಟುಕುವುದು ಕಷ್ಟ, ಬೆನ್ನು ಹಿಡಿಯುತ್ತದೆ, ಸಾಲು ತಾನಾಗಿಯೇ ದೂರವಾಗುತ್ತದೆ. ದಣಿವು ಅರ್ಥವಾಗುವಂಥದ್ದೇ. ಆದರೆ ಮೈಯ ಭಾರ ಬೀಳುವುದು, ಮಗು ಮಲಗುವುದು ನಡುವಿನಲ್ಲೇ. ಒತ್ತಾಗಿ ಹೊಲಿಯಬೇಕಾದ ಜಾಗವೂ ಅದೇ.

ಇನ್ನೊಂದು ಪರೀಕ್ಷೆಯನ್ನು ಯಾರೂ ಬಿಡಬಾರದು. ಮೇಲೆ ಒಂದು ಗೇಣು ಸಾಲಿನಲ್ಲಿ ಹೊಲಿಗೆ ಎಣಿಸಿ, ಕೌದಿ ತಿರುವಿ ಅದೇ ಜಾಗದಲ್ಲಿ ಕೆಳಗೂ ಎಣಿಸಬೇಕು. ಕೈಯ ನೇರ ಹೊಲಿಗೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಸಂಖ್ಯೆಯಲ್ಲಿ ಕಾಣಬೇಕು. ಇಲ್ಲಿ ಮೇಲೆ 27, ಕೆಳಗೆ 16. ಅಂದರೆ ಗೇಣಿಗೆ ಹನ್ನೊಂದು ಹೊಲಿಗೆ ಮೇಲಿನ ಎರಡು ಮೂರು ಪದರವನ್ನಷ್ಟೇ ಹಿಡಿದಿವೆ, ಸೂಜಿ ಕೆಳಗೆ ಇಳಿದೇ ಇಲ್ಲ. ಗಿಡ್ಡ ಸೂಜಿಯಲ್ಲಿ ಒಮ್ಮೆಗೆ ನಾಲ್ಕೈದು ಹೊಲಿಗೆ ತುಂಬಿಕೊಂಡು ಎಳೆದರೆ ಹೀಗಾಗುತ್ತದೆ. ಐದು ಪದರದ ಕೌದಿಯಲ್ಲಿ ಒಮ್ಮೆಗೆ ಎರಡು, ಹೆಚ್ಚೆಂದರೆ ಮೂರು ಹೊಲಿಗೆ ತೆಗೆದುಕೊಳ್ಳಬೇಕು. ಎಡಗೈ ಕೆಳಗಿದ್ದು ಸೂಜಿಯ ಮೊನೆ ಬೆರಳಿಗೆ ತಾಗಬೇಕು. ಹೊಲಿಗೆ ಕೈಯದೋ ಮಷಿನ್ನಿನದೋ ಎಂಬ ಅನುಮಾನವೂ ಇದೇ ಪರೀಕ್ಷೆಯಲ್ಲಿ ತೀರುತ್ತದೆ. ಮಷಿನ್ನಿನದಾದರೆ ಎರಡೂ ಕಡೆ ದಾರ ಬಿಡುವಿಲ್ಲದೆ ಓಡಿರುತ್ತದೆ. ಇದು ಕೈಯದೇ, ಅದರಲ್ಲಿ ಮೋಸವಿಲ್ಲ.

ಹಿಂಬದಿಯಲ್ಲಿ ಮೂರು ಕಡೆ ಬಟ್ಟೆ ಮಡಚಿಕೊಂಡು ಹೊಲಿಗೆಯಲ್ಲಿ ಸಿಕ್ಕಿದೆ. ಒಂದು ಮಡಿಕೆ ಗೇಣುದ್ದ ಇದೆ. ಕಚ್ಚಾ ಹೊಲಿಗೆ, ಅಂದರೆ ಪದರ ಸರಿಯದಂತೆ ಮೊದಲು ತಾತ್ಕಾಲಿಕವಾಗಿ ಹಾಕುವ ಹೊಲಿಗೆ, ಹಾಕದೆ, ಅಥವಾ ಮೊಳಕ್ಕೊಂದು ಹಾಕಿ, ಸೀದಾ ಅಂಚಿನಿಂದ ಹೊಲಿಯುತ್ತ ಬಂದದ್ದೇ ಇದಕ್ಕೆ ಕಾರಣ. ಸೂಜಿ ಪ್ರತಿ ಸಾಲಿನಲ್ಲಿ ಬಟ್ಟೆಯನ್ನು ಕೂದಲೆಳೆಯಷ್ಟು ಮುಂದಕ್ಕೆ ತಳ್ಳುತ್ತದೆ. ತಳ್ಳಿದ್ದೆಲ್ಲ ನಡುವೆ ಸೇರಿದಾಗ ಒಂದೋ ಹೊಟ್ಟೆ ಬರುತ್ತದೆ, ಇಲ್ಲವೇ ಮಡಿಕೆ ಬೀಳುತ್ತದೆ. ಪದರಗಳನ್ನು ಹಾಸಿ, ಮೂಲೆಗೆ ಕಲ್ಲಿಟ್ಟು, ನಡುವಿನಿಂದ ಹೊರಕ್ಕೆ ಅಂಗೈಯಿಂದ ಸವರಿ, ಅರ್ಧ ಗೇಣಿಗೊಂದು ಕಚ್ಚಾ ಸಾಲು ಹಾಕಿಕೊಂಡರೆ ಈ ತೊಂದರೆ ಬರುವುದೇ ಇಲ್ಲ. ಇದಕ್ಕೆ ಹಿಡಿಯುವುದು ಅರ್ಧ ದಿನ.

ಇಂಥ ಕೌದಿ ಕೈಗೆ ಬಂದರೆ ಸರಿಪಡಿಸುವ ಮುಂಚೆ ಒಗೆಯಬೇಡಿ. ಸಡಿಲ ಪದರಗಳು ನೀರಲ್ಲಿ ಸರಿದುಬಿಡುತ್ತವೆ, ಆಮೇಲೆ ಒಗೆದದ್ದರಿಂದ ಹಾಳಾಯಿತೆಂಬ ಮಾತು ಬರುತ್ತದೆ. ಟೇಪು ಇಟ್ಟು ಫೋಟೊ ತೆಗೆದುಕೊಳ್ಳಿ. ಪೂರ್ತಿ ಬಿಚ್ಚಿ ಮತ್ತೆ ಹೊಲಿಯಿರೆಂದು ಹಟ ಹಿಡಿಯುವುದೂ ತಪ್ಪು. ಹಳೆಯ ನೂಲು ಒಮ್ಮೆ ಸೂಜಿ ಚುಚ್ಚಿಸಿಕೊಂಡಿದೆ, ಎಲ್ಲ ಕಡೆ ಎರಡನೆಯ ಸಲ ಚುಚ್ಚಿದರೆ ಸಾಲಿನುದ್ದಕ್ಕೂ ಹರಿಯುತ್ತದೆ. ಸೆರಗಿನ ಕೆಂಪು ನೂಲು ಕೃತಕ ರೇಷ್ಮೆಯದಾದರೆ ಇನ್ನೂ ಎಚ್ಚರ ಬೇಕು, ಅದು ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ.

ಬಿಚ್ಚಬೇಕಾದದ್ದು ನಡುವಿನ ತೆಳು ಜಾಗ, ಮಡಿಕೆ ಬಿದ್ದ ಮೂರು ಕಡೆ, ಅದರ ಸುತ್ತ ಒಂದು ಗೇಣು, ಅಷ್ಟೇ. ದಾರದ ಒಂದು ತುದಿ ಹಿಡಿದು ಜಗ್ಗಬಾರದು. ಹಿಂಬದಿಯಿಂದ ಸಣ್ಣ ಕತ್ತರಿಯಲ್ಲಿ ನಾಲ್ಕು ಹೊಲಿಗೆಗೊಂದು ಕತ್ತರಿಸಿ, ಮೇಲಿನಿಂದ ತುಂಡು ತುಂಡಾಗಿ ಎತ್ತಬೇಕು. ಹಿಂಬದಿಯ ಜೋಡಣೆ ಬಿಚ್ಚಿ, ತುಂಡುಗಳ ನಡುವಿನ ಬಯಲಿಗೆ ಒಗೆದು ಮೆತ್ತಗಾದ ಹತ್ತಿ ಬಟ್ಟೆಯನ್ನು ನಾಲ್ಕೂ ಕಡೆ ಎರಡು ಬೆರಳು ಮೇಲೆ ಬರುವಂತೆ ಇಡಬೇಕು. ಹೊಸ ಬಟ್ಟೆ ಇಟ್ಟರೆ ಮೊದಲ ಒಗೆತಕ್ಕೇ ಕುಗ್ಗಿ ಸುತ್ತಲಿನದನ್ನು ಎಳೆಯುತ್ತದೆ. ಆಮೇಲೆ ಕಚ್ಚಾ ಹೊಲಿಗೆ, ನಂತರ ನಡುವಿನಿಂದ ಹೊರಕ್ಕೆ ಹೊಸ ಸಾಲು. ದೂರವಾದ ಸಾಲುಗಳನ್ನು ಬಿಚ್ಚುವುದೇ ಬೇಡ, ಎರಡು ಸಾಲಿನ ನಡುವೆ ಮತ್ತೊಂದು ಸಾಲು ಹಾಕಿದರೆ ಸಾಕು. ದಾರ ಹತ್ತಿಯದೇ ಇರಲಿ. ಪಾಲಿಯೆಸ್ಟರ್ ದಾರ ಬಟ್ಟೆಗಿಂತ ಗಟ್ಟಿ, ಎಳೆತ ಬಿದ್ದಾಗ ತಾನು ಉಳಿದು ಹಳೆಯ ಸೀರೆಯನ್ನು ಕೊಯ್ಯಬಹುದು.

ಹೇಳುವ ರೀತಿಯೂ ಕೆಲಸ ಮಾಡುತ್ತದೆ. ಅಂಗಡಿಯವರ ಜೊತೆ ವಾದಕ್ಕೆ ನಿಲ್ಲುವುದಕ್ಕಿಂತ ಹೊಲಿದವರನ್ನೇ ಕರೆಸಿ, ಕೌದಿ ಹಾಸಿ, "ಅಕ್ಕಾರ, ಮೂಲಿ ಭಾಳ ಚಂದ ಹೊಲದೀರಿ. ನಡುವ ಸೂಜಿ ಕೆಳಗ ಇಳದಿಲ್ರಿ, ಒಂದ್ಸಲ ಕೈಯಾಡಿಸಿ ನೋಡ್ರಿ" ಎಂದರೆ ಅವರ ಕೈಗೇ ತಪ್ಪು ತಿಳಿಯುತ್ತದೆ. ಈ ಅಂಗಡಿಯವರು ಸಾಲು ಸೇರಿಸಲು ಒಪ್ಪಿದರು, ಮಡಿಕೆಯನ್ನೂ ಒಪ್ಪಿಕೊಂಡರು. ಕಡಿಮೆ ಬಿದ್ದ ಬಟ್ಟೆಗೆ ಮಾತ್ರ ಉತ್ತರವಿಲ್ಲ. "ಹರಕ ಅರಿವಿ ತಗದೀವ್ರಿ" ಎಂದರು. ತೆಗೆದ ಹರಕು ಎಲ್ಲಿ ಎಂದರೆ ಅದೂ ಇಲ್ಲ. ಮಜೂರಿಯ ಬಾಕಿಯನ್ನು ದುರಸ್ತಿಯಾಗುವವರೆಗೆ ತಡೆಹಿಡಿಯುವುದು ಇಂಥಲ್ಲಿ ನ್ಯಾಯವೇ. ಹೊಲಿದ ಅಕ್ಕನ ಕೂಲಿ ಅದರಲ್ಲಿ ಸಿಕ್ಕಿಕೊಳ್ಳದಂತೆ ಅಂಗಡಿಯವರಿಗೆ ಸ್ಪಷ್ಟವಾಗಿ ಹೇಳಿರಬೇಕು.

ರಸೀದಿ ಕೊಟ್ಟ ಅಂಗಡಿ ಏನೂ ಮಾಡದಿದ್ದರೆ 1915 ಗ್ರಾಹಕ ಸಹಾಯವಾಣಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೂ ದೂರು ಕೊಡಬಹುದು. ಅದಕ್ಕೆ ರಸೀದಿಯಲ್ಲಿ ಬಟ್ಟೆಯ ತೂಕ, ಪದರ, ಸಾಲಿನ ಅಂತರ, ಚೂರು ವಾಪಸ್ ಎಂಬ ನಾಲ್ಕು ಸಂಗತಿ ಬರೆಸಿರಬೇಕು. ಬರೀ "ಕೌದಿ 1" ಎಂದಿದ್ದರೆ ಹಿಡಿಯಲು ಏನೂ ಇರುವುದಿಲ್ಲ.

ಬಣ್ಣದ ವಿಷಯ ಬೇಗ ಮುಗಿಯುತ್ತದೆ. ಒದ್ದೆ ಬಿಳಿ ಬಟ್ಟೆಯನ್ನು ಕೆಂಪು ದಡಿಯ ಮೇಲೆ ಒತ್ತಿ ನೋಡಿದಾಗ ಬಣ್ಣ ಹತ್ತಲಿಲ್ಲ.

ಈ ಅಂಗಡಿಗೆ ಐದರಲ್ಲಿ ಎರಡು ಅಂಕ, ಒಂದು ಮೂಲೆಗೆ, ಇನ್ನೊಂದು ಸೆರಗಿಗೆ. ದಡಿ ಹಚ್ಚಿಸುವುದು, ಹಳೆಯ ಕೌದಿಯ ಅಂಚು ರಿಪೇರಿ ಇದ್ದರೆ ಧೈರ್ಯವಾಗಿ ಕೊಡಬಹುದು. ಪೂರ್ತಿ ಕೌದಿ ಕೊಡುವುದಾದರೆ ಪದರ ಹಾಸಿ ಕಚ್ಚಾ ಹೊಲಿಗೆ ಹಾಕಿದ ದಿನ ಹೋಗಿ, ಅಂಚು ಮುಚ್ಚುವ ಮೊದಲು ಒಳಗಿನ ಪದರಗಳನ್ನು ಎತ್ತಿ ನೋಡಲು ಬಿಡುತ್ತಾರೆಯೇ ಎಂದು ಕೇಳಿಯೇ ಸೀರೆ ಕೈಗೆ ಕೊಡಿ.