ಮಾದರಿ ರೈಲಿನ ಡಬ್ಬಿಯನ್ನು ಹಳತಾಗಿಸಲು ಬೇರೆಯವರ ಕೈಗೆ ಕೊಡುವ ಮೊದಲು

ಮಾದರಿ ರೈಲುಗಳನ್ನು ಇಟ್ಟುಕೊಂಡವರಿಗೆ, ಅದರಲ್ಲೂ ಹೊಸ ಡಬ್ಬಿಗೆ ತುಕ್ಕು, ಧೂಳು, ಮಳೆಯ ಕಲೆ ಹಾಕಿಸಿ ನಿಜವಾದ ವ್ಯಾಗನ್ನಿನಂತೆ ಕಾಣಿಸಬೇಕೆಂದು ಹೊರಟವರಿಗೆ ಇದನ್ನು ಬರೆಯುತ್ತಿದ್ದೇನೆ. ಕಳೆದ ಚಳಿಗಾಲದಲ್ಲಿ ನಾನು ಕಳೆದುಕೊಂಡದ್ದು ಹಣ ಕೊಟ್ಟರೂ ಸಿಗುವಂಥದ್ದಲ್ಲ. ಆ ನಷ್ಟ ಇನ್ನೊಬ್ಬರಿಗೆ ಆಗಬಾರದು.

ನಮ್ಮ ಮನೆ ಚಿಕ್ಕಬಳ್ಳಾಪುರದಲ್ಲಿ. ಅಪ್ಪ ನ್ಯಾರೋಗೇಜ್ ಕಾಲದಲ್ಲಿ ಗಾರ್ಡ್ ಆಗಿದ್ದರು. ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ ದಾಟಿ ನಮ್ಮೂರಿಗೆ ಬರುತ್ತಿದ್ದ ಆ ಹಳಿಯ ಅಗಲ 762 ಮಿಲಿಮೀಟರ್. 2013ರಲ್ಲಿ ಕೋಲಾರ–ಚಿಕ್ಕಬಳ್ಳಾಪುರ ಮಾರ್ಗ ಬ್ರಾಡ್‌ಗೇಜ್ ಆಗಿ ತೆರೆದಾಗ ಅಪ್ಪ ಹೊಸ ರೈಲು ನೋಡಲು ನಿಲ್ದಾಣಕ್ಕೆ ಬಂದಿದ್ದರು. ಖುಷಿಪಟ್ಟರು. ಆದರೆ ಮನೆಗೆ ಬಂದ ಮೇಲೆ ಮಾತಾಡಿದ್ದೆಲ್ಲ ಹಳೆಯ ರೈಲಿನದೇ. ಆ ರೈಲನ್ನು ಮೇಜಿನ ಮೇಲೆ ಮತ್ತೆ ಓಡಿಸಬೇಕೆಂಬ ಆಸೆ ನನಗೆ ಹುಟ್ಟಿದ್ದು ಅಂದು.

ಅಳತೆಯ ದೃಷ್ಟಿಯಿಂದ ಇದು ಸುಲಭವೇ. ಎಚ್‌ಒ ಪ್ರಮಾಣ ಎಂದರೆ 1:87, ಅಂದರೆ ಮಾದರಿಯ ಅಳತೆ ನಿಜವಾದ ರೈಲಿನ 87ರಲ್ಲಿ ಒಂದು ಭಾಗ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರನ್ನು 87ರಿಂದ ಭಾಗಿಸಿದರೆ ಸುಮಾರು 19.3 ಬರುತ್ತದೆ, ಆದರೆ ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ 16.5 ಮಿಲಿಮೀಟರ್. ಹಾಗಾಗಿ ಭಾರತದ ಬ್ರಾಡ್‌ಗೇಜ್ ಮಾದರಿಗಳು ಕಿರಿದಾದ ಹಳಿಯ ಮೇಲೆ ನಿಂತಂತೆ ಕಾಣುತ್ತವೆ. 762ನ್ನು ಭಾಗಿಸಿದರೆ 8.76. 9 ಮಿಲಿಮೀಟರ್ ಹಳಿ ಸುಲಭವಾಗಿ ಸಿಗುತ್ತದೆ, ಕಣ್ಣಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ವಿದೇಶದ ಪ್ಲಾಸ್ಟಿಕ್ ಕಿಟ್ ಒಂದನ್ನು ತರಿಸಿ, ಒಂದು ತುದಿಯನ್ನು ಕತ್ತರಿಸಿ, ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ತೆಳು ಪಟ್ಟಿಗಳಿಂದ ಗಾರ್ಡ್ ಕೋಣೆ ಕಟ್ಟಿದೆ. ಬಾಗಿಲು ಎಲ್ಲಿರಬೇಕು, ಕೈಹಿಡಿ ಎಷ್ಟು ಎತ್ತರದಲ್ಲಿರಬೇಕು ಎಂದು ಪಕ್ಕದಲ್ಲಿ ಕುಳಿತು ಹೇಳಿದವರು ಅಪ್ಪ. ಕೊನೆಗೆ, ತಾವು ಬಹಳ ವರ್ಷ ಕೆಲಸ ಮಾಡಿದ ಡಬ್ಬಿಯ ಸಂಖ್ಯೆಯನ್ನು ಸೊನ್ನೆ ನಂಬರಿನ ಬ್ರಷ್ ಹಿಡಿದು ಬಿಳಿ ಬಣ್ಣದಲ್ಲಿ ತಾವೇ ಬರೆದರು. ಕೈ ನಡುಗುತ್ತಿತ್ತು. ಎರಡನೆಯ ಅಂಕಿ ಸ್ವಲ್ಪ ಕೆಳಗೆ ಜಾರಿತ್ತು. ಅದನ್ನು ತಿದ್ದಲು ನಾನು ಬಿಡಲಿಲ್ಲ. ಅಪ್ಪ ತೀರಿಕೊಂಡು ಈಗ ಐದು ವರ್ಷವಾಯಿತು.

ಡಬ್ಬಿ ಮಾತ್ರ ಅಂಗಡಿಯಿಂದ ಈಗಷ್ಟೇ ತಂದಂತೆ ಮಿನುಗುತ್ತಿತ್ತು. ಅದನ್ನು ಹಳತಾಗಿಸುವಷ್ಟು ಕೈ ನನಗೆ ಕುದುರಿಲ್ಲವೆಂದು, ಮೊಬೈಲಿನಲ್ಲಿ ಚೆಂದದ ಚಿತ್ರಗಳನ್ನು ಹಾಕಿಕೊಂಡು ಈ ಕೆಲಸ ಮಾಡಿಕೊಡುವ ಒಬ್ಬರನ್ನು ಸಂಪರ್ಕಿಸಿದೆ. ಅವರ ಹೆಸರು ಇಲ್ಲಿ ಬೇಡ. ಮೂರು ಡಬ್ಬಿಗೆ ಆರು ಸಾವಿರ ರೂಪಾಯಿ ಮುಂಗಡವಾಗಿಯೇ ಕೊಟ್ಟೆ. ಸಂಖ್ಯೆ ಬರೆದಿರುವ ಬದಿಗೆ ಏನೂ ತಾಗಿಸಬೇಡಿ ಎಂದು ಚೀಟಿ ಬರೆದು ಒಳಗಿಟ್ಟೆ, ಫೋನಿನಲ್ಲೂ ಹೇಳಿದೆ. ಯಾವ ಬಣ್ಣದ ಮೇಲೆ ಯಾವುದನ್ನು ಹಾಕುತ್ತೀರಿ ಎಂದು ಕೇಳಿದಾಗ ಬಂದ ಉತ್ತರ, "ಸರ್, ಪ್ಲಾಸ್ಟಿಕ್ ಎಲ್ಲ ಒಂದೇ, ನೀವು ಯೋಚನೆ ಮಾಡಬೇಡಿ." ಅಲ್ಲಿಯೇ ನಾನು ನಿಲ್ಲಬೇಕಿತ್ತು. ನಿಮಗೆ ಯಾರಾದರೂ ಈ ಮಾತು ಹೇಳಿದರೆ ಡಬ್ಬಿಯನ್ನು ಕಳಿಸಬೇಡಿ.

ಪ್ಲಾಸ್ಟಿಕ್ ಎಲ್ಲ ಒಂದೇ ಅಲ್ಲ. ಹೆಚ್ಚಿನ ಮಾದರಿ ಡಬ್ಬಿಗಳ ಮೈ ಪಾಲಿಸ್ಟೈರೀನ್. ಅಸಿಟೋನ್, ಟಾಲ್ವೀನ್ ಇರುವ ದ್ರವ ತಾಗಿದರೆ ಅದು ಕರಗುತ್ತದೆ, ಕರಗದಿದ್ದರೆ ಮೇಲ್ಮೈ ಸೀಳುತ್ತದೆ. ಮರದ ಪಾಲಿಶ್‌ಗೆ, ಕಾರಿನ ಬಣ್ಣಕ್ಕೆ ಬಳಸುವ ಎನ್‌ಸಿ ಥಿನ್ನರ್‌ನಲ್ಲಿ ಇರುವುದು ಇಂಥ ದ್ರವಗಳೇ.

ಏಳು ವಾರದ ನಂತರ ಪೆಟ್ಟಿಗೆ ಬಂತು. ತೆರೆಯುವ ಮೊದಲೇ ಥಿನ್ನರ್ ವಾಸನೆ. ದೂರದಿಂದ ನೋಡಿದರೆ ಕಂದು ಬಣ್ಣ ಹಿತವಾಗಿಯೇ ಇತ್ತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ ಎದೆ ಧಸಕ್ಕೆಂದಿತು. ಬತ್ತಿದ ಕೆರೆಯ ತಳದಂತೆ ಇಡೀ ಬದಿಯ ಮೇಲೆ ಕೂದಲೆಳೆಯಷ್ಟು ಸಣ್ಣ ಬಿರುಕುಗಳು. ಹಲಗೆಗಳ ನಡುವಿನ ಗೀರುಗಳು ಬಣ್ಣದಿಂದ ತುಂಬಿಹೋಗಿದ್ದವು. ಗಾರ್ಡ್ ಕೋಣೆಯ ಕಿಟಕಿ ಹಾಲಿನಂತೆ ಮಂಕಾಗಿತ್ತು. ಸೂಪರ್ ಗ್ಲೂ ಹಚ್ಚಿ ಗಾಳಿಯಾಡದಂತೆ ಮುಚ್ಚಿಟ್ಟರೆ ಅದರ ಆವಿ ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಹೀಗೆ ಬಿಳಿಯಾಗಿ ಕೂರುತ್ತದೆ. ಕಿಟಕಿಗೆ ಆ ಅಂಟು ಸಲ್ಲ. ಚಕ್ರಗಳನ್ನು ಬಿಚ್ಚದೆಯೇ ಹೊಳಪು ಕಳೆಯುವ ಮ್ಯಾಟ್ ವಾರ್ನಿಷ್ ಸ್ಪ್ರೇ ಮಾಡಿದ್ದರಿಂದ ಅಚ್ಚುಗಳು ಅಂಟಿಕೊಂಡು ಒಂದು ಸುತ್ತೂ ತಿರುಗುತ್ತಿರಲಿಲ್ಲ. ಚಾವಣಿಯ ಮೇಲೆ ಬೂದಿ ಬಳಿದಂತೆ ಬಿಳಿ ಪದರ. ಕೇಳಿದ್ದಕ್ಕೆ, ಅಂದು ಮಂಜು ಹೆಚ್ಚಿತ್ತು ಎಂದರು. ಕಾರಣವೇನೋ ನಿಜ. ಲ್ಯಾಕರ್, ಅಂದರೆ ಥಿನ್ನರ್‌ನಲ್ಲಿ ಕಲಸುವ ಬಣ್ಣ ಅಥವಾ ವಾರ್ನಿಷ್, ಒಣಗುವಾಗ ಅದರ ದ್ರವ ಬೇಗ ಆವಿಯಾಗಿ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂತು ಬಿಳಿಯಾಗುತ್ತದೆ. ಹಾಗಿರುವುದರಿಂದಲೇ ಮಂಜಿನ ಬೆಳಗಿನಲ್ಲಿ, ಜಡಿಮಳೆಯಲ್ಲಿ ಯಾರೂ ಸ್ಪ್ರೇ ಮಾಡುವುದಿಲ್ಲ. ನಂದಿಬೆಟ್ಟದ ತಪ್ಪಲಿನಲ್ಲಿರುವ ನಮ್ಮಂಥವರು ಡಿಸೆಂಬರ್‌ನಲ್ಲಿ ಬಿಸಿಲೇರುವವರೆಗೆ ಕಾಯಲೇಬೇಕು.

ಸಂಖ್ಯೆ ಇದ್ದ ಬದಿ? ಅದರ ಮೇಲೂ ಸ್ಪ್ರೇ ಬಿದ್ದಿತ್ತು. ಕಂದು ಪದರದ ಅಡಿಯಲ್ಲಿ ಅಂಕಿಗಳ ಉಬ್ಬು ಮಾತ್ರ ಬೆರಳಿಗೆ ಸಿಗುತ್ತಿತ್ತು.

ಮುಂದಿನ ತಪ್ಪು ನನ್ನದೇ, ಅದನ್ನೂ ಹೇಳಬೇಕು. ಆ ರಾತ್ರಿ ದುಃಖ ಮತ್ತು ಸಿಟ್ಟಿನಲ್ಲಿ, ಮೇಲಿನ ಪದರವನ್ನಷ್ಟೇ ತೆಗೆದರೆ ಅಪ್ಪನ ಅಕ್ಷರ ಮತ್ತೆ ಕಾಣಬಹುದೆಂದು ಮನೆಯಲ್ಲಿ ಉಳಿದಿದ್ದ ಎನ್‌ಸಿ ಥಿನ್ನರ್‌ನಲ್ಲಿ ಹತ್ತಿ ಅದ್ದಿ ಒರೆಸಿದೆ. ಎರಡನೆಯ ಸಲ ಒರೆಸುವಷ್ಟರಲ್ಲಿ ಮೈ ಬೆಣ್ಣೆಯಂತೆ ಮೆತ್ತಗಾಗಿತ್ತು. ಬಿಳಿ, ಕಂದು ಎರಡೂ ಕಲಸಿ ಹತ್ತಿಗೆ ಬಂದವು. ರಿವೆಟ್‌ಗಳ ಸಾಲು ಅಳಿಸಿಹೋಯಿತು. ಕೈಬಿಟ್ಟು ನೋಡಿದಾಗ ಗಾರ್ಡ್ ಬಾಗಿಲ ಪಕ್ಕದಲ್ಲಿ ನನ್ನ ಹೆಬ್ಬೆರಳಿನ ಗೆರೆಗಳು ಅಚ್ಚೊತ್ತಿದ್ದವು. ಅವು ಈಗಲೂ ಇವೆ. ಪಕ್ಕದ ಕೋಣೆಯಲ್ಲಿ ದೇವರ ದೀಪ ಉರಿಯುತ್ತಿತ್ತೆಂಬುದು ಹೊಳೆದದ್ದು ಆಮೇಲೆ. ಆ ಆವಿ ಒಂದು ಕಿಡಿಗೆ ಹೊತ್ತಿಕೊಳ್ಳುವಂಥದ್ದು. ದಯವಿಟ್ಟು ಮುಚ್ಚಿದ ಕೋಣೆಯಲ್ಲಿ, ಒಲೆ ಅಥವಾ ದೀಪವಿರುವ ಮನೆಯೊಳಗೆ ಥಿನ್ನರ್ ಡಬ್ಬ ತೆರೆಯಬೇಡಿ.

ಬಣ್ಣ ತೆಗೆಯಲೇಬೇಕಾದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸಿ. ಅಕ್ರಿಲಿಕ್ ಬಣ್ಣವನ್ನು ಅದು ಸಾಮಾನ್ಯವಾಗಿ ಬಿಡಿಸುತ್ತದೆ, ಪಾಲಿಸ್ಟೈರೀನ್‌ಗೆ ಹಾನಿ ಮಾಡುವುದಿಲ್ಲ. ಅದಕ್ಕೂ ಬೆಂಕಿಯ ಭಯ ಇದೆ, ಅದನ್ನೂ ಹೊರಗೆ ಗಾಳಿಯಲ್ಲೇ ಬಳಸಿ. ಆದರೂ ಮೊದಲು ಕಿಟ್‌ನ ಭಾಗಗಳನ್ನು ಹಿಡಿದಿರುವ ಚೌಕಟ್ಟಿನ ಕಡ್ಡಿಯ ಮೇಲೆ ಒಂದು ಹನಿ ಹಾಕಿ ಒಂದು ದಿನ ಬಿಡಿ. ಆ ಕಡ್ಡಿಗಳನ್ನು ಕಸಕ್ಕೆ ಹಾಕುವವರೇ ಹೆಚ್ಚು, ಎತ್ತಿಟ್ಟುಕೊಳ್ಳಿ, ಅದೇ ಪ್ಲಾಸ್ಟಿಕ್ ಪರೀಕ್ಷೆಗೆ ಬೇರೆಲ್ಲೂ ಸಿಗದು. ಕಡ್ಡಿ ಇಲ್ಲದಿದ್ದರೆ ಡಬ್ಬಿಯ ತಳದಲ್ಲಿ, ಯಾರಿಗೂ ಕಾಣದ ಜಾಗದಲ್ಲಿ ನೋಡಿ. ಎನಾಮಲ್ ಬಣ್ಣವನ್ನು ಟರ್ಪಂಟೈನ್‌ನಲ್ಲಿ ನೀರಾಗಿ ಕಲಸಿ ಹರಿಸುವವರು ಅದು ಮೂಲೆಗಳಲ್ಲಿ ಕೊಳದಂತೆ ನಿಲ್ಲಲು ಬಿಡಬಾರದು. ಅಂಟಿಸಿದ, ಬಿಗಿಯಾಗಿ ಸೇರಿಸಿದ ಜಾಗಗಳಲ್ಲಿ ಅದು ಇಳಿದು ಪ್ಲಾಸ್ಟಿಕ್ ಪೆಡಸಾಗಿ ಸೀಳಬಹುದು. ಎನಾಮಲ್ ಪೂರ್ತಿ ಒಣಗುವ ಮೊದಲು ಲ್ಯಾಕರ್ ಹಾಕಿದರೆ ಮೇಲ್ಮೈ ಸುಕ್ಕಾಗುತ್ತದೆ.

ಇನ್ನು ಮಣ್ಣಿನ ಮಾತು. ನಮ್ಮ ಕಡೆಯ ಕೆಂಪು ಮಣ್ಣನ್ನೇ ಜರಡಿ ಹಿಡಿದು ಡಬ್ಬಿಯ ಕೆಳಭಾಗಕ್ಕೆ ಹಚ್ಚಿದರೆ ಎಷ್ಟು ನಿಜವಾಗಿ ಕಾಣುತ್ತದೆಂದು ನಾನೂ ಮಾಡಿ ನೋಡಿದ್ದೇನೆ, ಬಹಳ ಚೆನ್ನಾಗಿರುತ್ತದೆ. ಆದರೆ ಮಣ್ಣಿನಲ್ಲಿ ಆಯಸ್ಕಾಂತಕ್ಕೆ ಅಂಟುವ ಕಣಗಳಿರುತ್ತವೆ. ಹಳಿಯ ಮೇಲೆ ಉದುರಿದರೆ ಎಂಜಿನ್ನಿನ ಮೋಟಾರು ಅವನ್ನು ಎಳೆದುಕೊಳ್ಳುತ್ತದೆ. ಆಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ಆ ಪುಡಿಯ ಮೇಲೆ ನಾಲ್ಕೈದು ಸಲ ಆಡಿಸಿ. ಕಾಗದದ ಮೇಲೆ ಕಪ್ಪು ಮೀಸೆಯಂತೆ ನಿಲ್ಲುವುದನ್ನು ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಬೇರೆಯವರಿಂದ ಮಾಡಿಸುವುದಿದ್ದರೆ ಮೊದಲು ಬೆಲೆ ಇಲ್ಲದ ಒಂದು ಡಬ್ಬಿ ಕೊಟ್ಟು ನೋಡಿ, ಪೂರ್ತಿ ಹಣ ಮೊದಲೇ ಕೊಡಬೇಡಿ. ಅವರು ಮಾಡಿದ ಡಬ್ಬಿಯನ್ನು ಕೈಯಲ್ಲಿ ಹಿಡಿದು ನೋಡಿ, ಚಿತ್ರ ನಂಬಬೇಡಿ. ತುಕ್ಕು ಎಲ್ಲ ಕಡೆ ಒಂದೇ ಸಮ ಇದ್ದರೆ ಅವರು ನಿಜವಾದ ವ್ಯಾಗನ್ ನೋಡಿಲ್ಲವೆಂದೇ ಅರ್ಥ. ಮಳೆಯ ಕಲೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಬ್ರೇಕಿನ ಕಬ್ಬಿಣದ ಪುಡಿ ಚಕ್ರಗಳ ಸುತ್ತ ಕೂರುತ್ತದೆ, ಕೈ ತಾಗುವ ಬಾಗಿಲ ಅಂಚು ಸವೆದು ಹೊಳೆಯುತ್ತದೆ. ಈ ಕೊನೆಯದನ್ನು ನನಗೆ ತೋರಿಸಿಕೊಟ್ಟವರು ಅಪ್ಪ. ಎಷ್ಟೋ ವರ್ಷ ಅವರ ಕೈಯೇ ಅಲ್ಲಿ ತಾಗಿತ್ತು.

ಹಣದಲ್ಲಿ ಅರ್ಧ ವಾಪಸ್ಸು ಬಂತು. ಉಳಿದ ಎರಡು ಡಬ್ಬಿಗಳ ಚಕ್ರ, ಕಪ್ಲಿಂಗ್, ತಳದ ಚೌಕಟ್ಟು ಬಿಚ್ಚಿ ತೊಳೆದಿಟ್ಟಿದ್ದೇನೆ, ಹೊಸ ಮೈ ಕಟ್ಟುತ್ತಿದ್ದೇನೆ. ಗಾರ್ಡ್ ಡಬ್ಬಿಗೂ ಹೊಸ ಬದಿ ಕತ್ತರಿಸಿಟ್ಟಿದ್ದೇನೆ, ಬಣ್ಣವೂ ಆಗಿದೆ. ಸಂಖ್ಯೆಯ ಜಾಗ ಮಾತ್ರ ಇನ್ನೂ ಖಾಲಿ ಇದೆ.